ದ್ವಿಚಕ್ರ ವಾಹನದ ಸೋರಿಕೆ: ಮೂಲವನ್ನು ಕಂಡುಹಿಡಿಯುವ ಬಗೆ

(ಅಂತಿಮ ಬಿ.ಎ. ವಿದ್ಯಾರ್ಥಿ, ಬಂಡಳ್ಳಿ)

ಕಲಾವಿಭಾಗದ ವಿದ್ಯಾರ್ಥಿಯೊಬ್ಬನು ಮೋಟಾರು ಸೈಕಲ್ಲಿನ ಎಣ್ಣೆಯ ವಿಚಾರವಾಗಿ ವಾರ್ಷಿಕ ಸಂಚಿಕೆಯಲ್ಲಿ ಬರೆಯ ಹೊರಟರೆ ಕೆಲವರಿಗೆ ನಗು ಬರಬಹುದು. ಚರಿತ್ರೆ, ಅರ್ಥಶಾಸ್ತ್ರ, ಕನ್ನಡ ಸಾಹಿತ್ಯಗಳನ್ನು ಓದುವವನಿಗೆ ಆಯಿಲ್ ಸೀಲು, ಪ್ಯಾಕಿಂಗುಗಳ ಗೊಡವೆ ಏಕೆ ಎಂದು ಕೇಳುವವರೂ ಉಂಟು. ಅಂಥವರಿಗೆ ನನ್ನ ಉತ್ತರ ಇಷ್ಟೇ. ಬಂಡಳ್ಳಿಯಂಥ ಊರಿನಲ್ಲಿ ಇಂದು ಎತ್ತಿನ ಗಾಡಿಯ ಸ್ಥಾನದಲ್ಲಿ ನಿಂತಿರುವುದು ನೂರು ಸಿ.ಸಿ.ಯ ಬೈಕು. ಬೆಳಗಿನ ಹಾಲು ಡೇರಿಗೆ ಹೋಗುವುದು ಅದರ ಮೇಲೆ. ಗೊಬ್ಬರದ ಮೂಟೆ ಹೊಲಕ್ಕೆ ಹೋಗುವುದು ಅದರ ಮೇಲೆ. ಕಡೆಯ ಬಸ್ಸು ತಪ್ಪಿದ ರಾತ್ರಿ ಜ್ವರದ ಮಗುವನ್ನು ಹನೂರಿಗೋ ಕೊಳ್ಳೇಗಾಲಕ್ಕೋ ಕರೆದೊಯ್ಯುವುದೂ ಅದರ ಮೇಲೆಯೇ. ಆ ವಾಹನ ನಿಂತರೆ ಮನೆಯ ಅರ್ಧ ವ್ಯವಹಾರವೇ ನಿಂತಂತೆ.

ಇಂಥ ವಾಹನದ ಅಡಿಯಲ್ಲಿ ಒಂದು ದಿನ ಕರಿಯ ಕಲೆ ಕಾಣಿಸಿಕೊಳ್ಳುತ್ತದೆ. ಆಗ ನಮ್ಮ ಕಡೆ ಸಾಮಾನ್ಯವಾಗಿ ಎರಡರಲ್ಲಿ ಒಂದು ನಡೆಯುತ್ತದೆ. ‘ಹಳೇ ಗಾಡಿ, ಸೋರದೆ ಇನ್ನೇನು ಮಾಡೀತು’ ಎಂದು ಸುಮ್ಮನಾಗುವುದು ಒಂದು. ಮೆಕ್ಯಾನಿಕರ ಮುಂದೆ ನಿಲ್ಲಿಸಿ ಅವರು ಹೇಳಿದಂತೆ ಎಂಜಿನ್ ಬಿಚ್ಚಿಸುವುದು ಇನ್ನೊಂದು. ಮೊದಲನೆಯದರಲ್ಲಿ ಎಣ್ಣೆ ಬತ್ತಿ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುವ ಭಯವಿದೆ. ಎರಡನೆಯದರಲ್ಲಿ, ಬೇಕಿಲ್ಲದ ಕೆಲಸಕ್ಕೆ ಎರಡು ತಿಂಗಳ ಹಾಲಿನ ಹಣ ಹೋಗುವ ಭಯವಿದೆ. ಪ್ರಶ್ನೆ ಕೇಳಲು ಮಾತು ಗೊತ್ತಿಲ್ಲದವನು ಹೇಳಿದಷ್ಟು ಹಣ ಕೊಡಬೇಕಾಗುತ್ತದೆ. ನಮ್ಮ ಮನೆಯಲ್ಲಿ ಪದವಿ ತರಗತಿಯವರೆಗೆ ಬಂದವನು ನಾನೇ ಮೊದಲಿಗ. ಓದಿದವನು ಇಂಥ ವೇಳೆಯಲ್ಲಿ ನಾಲ್ಕು ಪ್ರಶ್ನೆಗಳನ್ನಾದರೂ ಕೇಳಬಲ್ಲವನಾಗಿರಬೇಕೆಂದು ಮನೆಯವರು ಬಯಸುವುದು ಸಹಜವಲ್ಲವೆ?

ವಿಷಯಕ್ಕೆ ಬರುವ ಮೊದಲು ಸ್ವಲ್ಪ ಹಿನ್ನೆಲೆ. ಮೈಸೂರು ಸೀಮೆಗೂ ಮೋಟಾರು ಸೈಕಲ್ಲಿಗೂ ನಂಟು ಹಳೆಯದು. ಚೆಕೊಸ್ಲೊವಾಕಿಯಾದ ಜಾವಾ ಸಂಸ್ಥೆಯ ಪರವಾನಗಿ ಪಡೆದು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ೧೯೬೧ರಲ್ಲಿ ಆರಂಭವಾಯಿತು. ೧೯೭೩ರಿಂದ ಅದರ ವಾಹನಗಳು ಯೆಜ್ಡಿ ಎಂಬ ಹೆಸರಿನಲ್ಲಿ ಬಂದವು. ೧೯೯೬ರಲ್ಲಿ ಕಾರ್ಖಾನೆ ಮುಚ್ಚಿತು. ಅವು ಎರಡು ಹೊಡೆತದ, ಅಂದರೆ ಟೂ-ಸ್ಟ್ರೋಕ್ ಎಂಜಿನ್ನುಗಳು. ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸಿ ಹಾಕಬೇಕು; ಗೇರುಪೆಟ್ಟಿಗೆಗೆ ಬೇರೆ ಎಣ್ಣೆ. ೧೯೮೫ರಲ್ಲಿ ಹೀರೊ ಹೋಂಡಾದವರ ಸಿ.ಡಿ. ೧೦೦, ಆಮೇಲೆ ೧೯೯೪ರಲ್ಲಿ ಸ್ಪ್ಲೆಂಡರ್ ಬಂದ ತರುವಾಯ ನಾಲ್ಕು ಹೊಡೆತದ ಸಣ್ಣ ಎಂಜಿನ್ನು ಹಳ್ಳಿಹಳ್ಳಿಗೂ ತಲುಪಿತು. ಇದರಲ್ಲಿ ಎಂಜಿನ್, ಕ್ಲಚ್ಚು, ಗೇರು ಮೂರಕ್ಕೂ ಸೇರಿ ಒಂದೇ ಎಣ್ಣೆ. ಪ್ರಮಾಣ ಸುಮಾರು ಒಂದು ಲೀಟರು, ಅಷ್ಟೆ. ಲಾರಿಯ ಎಂಜಿನ್ನಿನಿಂದ ಕಾಲು ಲೀಟರು ಸೋರಿದರೆ ಅದು ಲೆಕ್ಕಕ್ಕಿಲ್ಲ. ಇಲ್ಲಿ ಕಾಲು ಲೀಟರು ಸೋರಿದರೆ ನಾಲ್ಕರಲ್ಲಿ ಒಂದು ಪಾಲು ಹೋದಂತೆ. ಸಣ್ಣ ವಾಹನದ ಸೋರಿಕೆಯನ್ನು ಸಣ್ಣದೆಂದು ಎಣಿಸಬಾರದೆಂಬುದಕ್ಕೆ ಈ ಲೆಕ್ಕವೇ ಸಾಕು.

ಈಗ ಮೊದಲನೆಯ ಪ್ರಶ್ನೆ: ಸೋರುತ್ತಿರುವುದು ಯಾವುದು? ಎಲ್ಲಿಂದ ಎಂಬ ಪ್ರಶ್ನೆಯನ್ನು ಅನೇಕರು ಮೊದಲು ಕೇಳುತ್ತಾರೆ. ಅದು ಕ್ರಮ ತಪ್ಪಿದ ವಿಚಾರಣೆ. ಯಾವ ದ್ರವವೆಂದು ಗೊತ್ತಾದರೆ ಸೋರಬಹುದಾದ ಸ್ಥಾನಗಳಲ್ಲಿ ಮುಕ್ಕಾಲು ಪಾಲು ತಾವಾಗಿಯೇ ಪಟ್ಟಿಯಿಂದ ಬಿದ್ದುಹೋಗುತ್ತವೆ. ಸಣ್ಣ ಬೈಕಿನಲ್ಲಿ ಸಾಮಾನ್ಯವಾಗಿ ಇರುವ ದ್ರವಗಳು ಪೆಟ್ರೋಲು, ಎಂಜಿನ್ ಎಣ್ಣೆ, ಮುಂದಿನ ಫೋರ್ಕಿನೊಳಗಿನ ಎಣ್ಣೆ, ಡಿಸ್ಕ್ ಬ್ರೇಕಿದ್ದರೆ ಬ್ರೇಕ್ ಆಯಿಲ್, ಹಳೆಯ ಬಗೆಯ ಬ್ಯಾಟರಿಯಾದರೆ ಅದರ ಆಮ್ಲ. ತಂಪುನೀರು ನಮ್ಮ ನೂರು ಸಿ.ಸಿ. ವಾಹನಗಳಲ್ಲಿ ಇರುವುದಿಲ್ಲ, ಅವು ಗಾಳಿಯಿಂದಲೇ ತಣಿಯುತ್ತವೆ. ೨೦೧೮ರಲ್ಲಿ ಮತ್ತೆ ಹುಟ್ಟಿಬಂದ ಜಾವಾದಂಥ ದೊಡ್ಡ ವಾಹನಗಳಿಗೆ ಮಾತ್ರ ರೇಡಿಯೇಟರು ಉಂಟು.

ಇವನ್ನು ಗುರುತಿಸಲು ಪ್ರಯೋಗಶಾಲೆ ಬೇಕಿಲ್ಲ. ರಾತ್ರಿ ವಾಹನದ ಕೆಳಗೆ ಹಳೆಯ ವೃತ್ತಪತ್ರಿಕೆ ಹಾಸಿ, ಎರಡು ಚಕ್ರಗಳೂ ಎಲ್ಲಿವೆಯೆಂದು ಅದರ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿರಿ. ಪೆಟ್ರೋಲು ಬಿದ್ದರೆ ಬೆಳಗಾಗುವಷ್ಟರಲ್ಲಿ ಆರಿಹೋಗಿ ಕಲೆ ಇಲ್ಲವೆಂಬಷ್ಟು ಮಸುಕಾಗಿರುತ್ತದೆ, ವಾಸನೆಯೊಂದೇ ಸಾಕ್ಷಿ. ಎಣ್ಣೆ ಬಿದ್ದರೆ ಬೋಂಡ ಕಟ್ಟಿದ ಕಾಗದದಂತೆ ಬೆಳಕಿಗೆ ಹಿಡಿದಾಗ ಪಾರದರ್ಶಕವಾಗಿ ಕಾಣುತ್ತದೆ. ಇನ್ನೂ ಸಂದೇಹವಿದ್ದರೆ ಒಂದು ತಟ್ಟೆಯಲ್ಲಿ ನೀರು ತೆಗೆದುಕೊಂಡು ಆ ದ್ರವದ ಒಂದು ಹನಿಯನ್ನು ಬಿಡಿ. ಪೆಟ್ರೋಲು ಕಾಮನಬಿಲ್ಲಿನ ಬಣ್ಣಗಳನ್ನು ಹರಡಿ ಬೇಗ ಮಾಯವಾಗುತ್ತದೆ. ಎಂಜಿನ್ ಎಣ್ಣೆಯೂ ಫೋರ್ಕಿನ ಎಣ್ಣೆಯೂ ತೇಲಿ ನಿಲ್ಲುತ್ತವೆ. ಬ್ರೇಕ್ ಆಯಿಲ್ ಎಂದು ಕರೆಯುವ ವಸ್ತು ಮಾತ್ರ, ಹೆಸರು ಎಣ್ಣೆಯದಾದರೂ, ನೀರಿನಲ್ಲಿ ಬೆರೆತುಹೋಗುತ್ತದೆ. ಏಕೆಂದರೆ ನಮ್ಮಲ್ಲಿ ಸಾಮಾನ್ಯವಾಗಿ ಬಳಸುವ ಬ್ರೇಕ್ ಆಯಿಲ್ ಗ್ಲೈಕಾಲ್ ಜಾತಿಯದು. ಅದು ಬಣ್ಣದ ಮೇಲೆ ಬಿದ್ದರೆ ಬಣ್ಣವನ್ನು ಕಿತ್ತುಬಿಡುತ್ತದೆ, ಆದ್ದರಿಂದ ಕೂಡಲೆ ನೀರಿನಿಂದ ತೊಳೆಯಬೇಕು. ಬ್ಯಾಟರಿಯ ಆಮ್ಲವಾದರೆ ಅಡಿಗೆ ಸೋಡದ ಮೇಲೆ ನೊರೆಯೇಳುತ್ತದೆ. ಅದನ್ನು ಬೆರಳಿನಿಂದ ಮುಟ್ಟಿ ನೋಡುವ ಸಾಹಸ ಬೇಡ.

ಸೋರಿಕೆಯೇ ಅಲ್ಲದ ಸೋರಿಕೆಗಳೂ ಕೆಲವಿವೆ. ಚಳಿಗಾಲದ ಬೆಳಿಗ್ಗೆ ಸೈಲೆನ್ಸರಿನ ತುದಿಯಿಂದ ತೊಟ್ಟಿಕ್ಕುವ ನೀರು ಪೆಟ್ರೋಲು ಉರಿದಾಗ ಹುಟ್ಟುವ ಹಬೆ ತಣಿದು ಆದದ್ದು, ದೋಷವಲ್ಲ. ಚೈನಿಗೆ ಧಾರಾಳವಾಗಿ ಎಣ್ಣೆ ಬಿಟ್ಟಿದ್ದರೆ ಅದು ಚಿಮ್ಮಿ ಎಡಬದಿಯ ಕವಚದ ತುಂಬ ಮೆತ್ತಿಕೊಂಡು ಎಂಜಿನ್ನೇ ಸೋರಿದ ಹಾಗೆ ಕಾಣಿಸುತ್ತದೆ. ಏರ್ ಫಿಲ್ಟರ್ ಪೆಟ್ಟಿಗೆಯ ಕೆಳಗೆ ತೂಗುವ ಸಣ್ಣ ರಬ್ಬರು ಕೊಳವೆಯಲ್ಲಿ ಸ್ವಲ್ಪ ಕಪ್ಪು ಜಿಡ್ಡು ಸೇರುವುದೂ ಸಹಜ. ಹಳೆಯ ಜಾವಾದಲ್ಲಂತೂ ಕಾರ್ಬೊರೇಟರಿನ ಮೇಲಿನ ಗುಂಡಿಯನ್ನು ಒತ್ತಿ ಪೆಟ್ರೋಲು ಉಕ್ಕುವಂತೆ ಮಾಡಿದ ಮೇಲೆಯೇ ಕಿಕ್ಕು ಹೊಡೆಯುವುದು ಪದ್ಧತಿಯಾಗಿತ್ತು! ಅಲ್ಲಿ ಸೋರಿಸುವುದೇ ಶಾಸ್ತ್ರ.

ಎಂಜಿನ್ ಎಣ್ಣೆಯೇ ಎಂದು ನಿಶ್ಚಯವಾಯಿತೆನ್ನೋಣ. ಎರಡನೆಯ ಪ್ರಶ್ನೆ ಆಗ ಏಳುತ್ತದೆ: ಎಲ್ಲಿಂದ? ಈ ಘಟ್ಟದಲ್ಲಿಯೇ ಹೆಚ್ಚು ಜನ ಎಡವುವುದು. ಹನಿ ಬಿದ್ದ ಜಾಗಕ್ಕೆ ನೇರ ಮೇಲೆ ದೋಷವಿದೆಯೆಂದು ಭಾವಿಸುವುದು ಸರಿಯಲ್ಲ. ಎಣ್ಣೆ ನೆಲದ ಸೆಳೆತಕ್ಕೆ ಸಿಕ್ಕಿ ಕೆಳಕ್ಕೆ ಹರಿಯುತ್ತದೆ; ವಾಹನ ಓಡುವಾಗ ಎದುರುಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ; ಎಂಜಿನ್ನಿನ ಏಣುಗಳ ಗುಂಟ ಅದು ಅಡ್ಡಕ್ಕೂ ಸಾಗುತ್ತದೆ. ಆದ್ದರಿಂದ ಒದ್ದೆಯಾದ ಭಾಗದಲ್ಲಿ ಎಲ್ಲಕ್ಕಿಂತ ಮೇಲಿನದೂ ಎಲ್ಲಕ್ಕಿಂತ ಮುಂದಿನದೂ ಆದ ಬಿಂದುವನ್ನು ಹುಡುಕಬೇಕು. ಹೊಳೆಯ ಮೂಲವನ್ನು ಹುಡುಕುವವನು ಹೊಳೆ ಸಮುದ್ರ ಸೇರುವಲ್ಲಿ ನಿಲ್ಲುವುದಿಲ್ಲವಷ್ಟೆ.

ಆದರೆ ವರ್ಷಗಟ್ಟಲೆ ಧೂಳೂ ಜಿಡ್ಡೂ ಸೇರಿ ಕರಿಯ ಮಡ್ಡಿಯಾಗಿ ಕೂತಿರುವ ಎಂಜಿನ್ನಿನ ಮೇಲೆ ಹೊಸ ಒದ್ದೆ ಯಾವುದು, ಹಳೆಯದು ಯಾವುದು ಎಂದು ಹೇಳುವುದು ಯಾರಿಗೂ ಸಾಧ್ಯವಿಲ್ಲ. ತೊಳೆಯದೆ ತೀರ್ಪು ಕೊಡುವ ಮೆಕ್ಯಾನಿಕರನ್ನು ನಾನು ನಂಬುವುದಿಲ್ಲ, ಅವರು ಎಷ್ಟೇ ಅನುಭವಸ್ಥರಿರಲಿ. ಎಂಜಿನ್ ಪೂರ್ಣ ತಣ್ಣಗಿರುವಾಗ ಡೀಸೆಲ್ ಸವರಿ ಬ್ರಷ್ಷಿನಿಂದ ಉಜ್ಜಿ, ಸೋಪಿನ ನೀರಿನಿಂದ ತೊಳೆದು, ಬನಿಯನ್ ವೇಸ್ಟಿನಿಂದ ಒರಸಿ ಒಣಗಿಸಬೇಕು. ಆಮೇಲೆ ಸಂದೇಹವಿರುವ ಸಂದುಗಳ ಮೇಲೆ ಮುಖಕ್ಕೆ ಹಚ್ಚುವ ಪೌಡರನ್ನೋ ನಯವಾಗಿ ಅರೆದ ಸೀಮೆಸುಣ್ಣದ ಪುಡಿಯನ್ನೋ ತೆಳ್ಳಗೆ ಉದುರಿಸುವುದು. ಬಳಿಕ ಹತ್ತು ಹದಿನೈದು ನಿಮಿಷ ಓಡಿಸಿ ಬಂದು ನೋಡಿದರೆ ಬಿಳಿಯ ಪುಡಿಯ ನಡುವೆ ಎಣ್ಣೆ ತಾನು ಹೊರಟ ಜಾಗವನ್ನು ತಾನೇ ತೋರಿಸುತ್ತದೆ. ಬಿಸಿ ಎಣ್ಣೆ ತೆಳ್ಳಗಾಗುವುದರಿಂದ, ನಿಂತಲ್ಲಿ ಕಾಣದ ಸೋರಿಕೆ ಓಡಿದ ಮೇಲೆ ಕಾಣುವುದುಂಟು.

ನಮ್ಮ ತಂದೆಯವರ ವಾಹನದ ಪ್ರಸಂಗವನ್ನು ಉದಾಹರಣೆಗೆ ಹೇಳಬಹುದು. ಎರಡನೆಯ ಕೈಯಿಂದ ಕೊಂಡ ನೂರು ಸಿ.ಸಿ.ಯ ಬೈಕು. ದಿನಾ ಬೆಳಿಗ್ಗೆ ಎಡಗಡೆ, ಗೇರು ಕಡ್ಡಿಯ ಕೆಳಗೆ, ರೂಪಾಯಿಯಗಲದ ಕಲೆ. ಪೇಟೆಯ ಒಬ್ಬ ಮೆಕ್ಯಾನಿಕರು ಬಗ್ಗಿ ನೋಡಿ, ‘ಕೇಸು ಸೋರ್ತಾ ಅದೆ, ಎಂಜಿನ್ ಇಳಿಸ್ಬೇಕು’ ಎಂದರು. ತಂದೆಯವರು ಒಪ್ಪಿಕೊಂಡೇಬಿಟ್ಟಿದ್ದರು. ‘ಒಂದು ದಿನ ತಡೀರಪ್ಪ, ತೊಳೆದು ನೋಡ್ತೀನಿ’ ಎಂದು ನಾನು ಬೇಡಿಕೊಂಡೆ. ಆ ಕಲೆಗೆ ಕಾರಣವಾಗಬಹುದಾದವು ಐದು ಇದ್ದವು: ಮೇಲಿನ ಟ್ಯಾಪೆಟ್ ಮುಚ್ಚಳದ ರಬ್ಬರು ಬಳೆ, ಮ್ಯಾಗ್ನೆಟ್ ಕವಚದ ಪ್ಯಾಕಿಂಗ್, ಚೈನಿನ ಮುಂದಿನ ಸ್ಪ್ರಾಕೆಟ್ಟಿನ ಹಿಂದಿರುವ ಸೀಲು, ಗೇರು ಕಡ್ಡಿಯ ದಂಡದ ಸೀಲು, ಹಾಗೂ ಎಂಜಿನ್ನಿನ ಎರಡು ಹೋಳುಗಳು ಸೇರುವ ಸಂದು.

ಜಾನ್ ಸ್ಟೂಅರ್ಟ್ ಮಿಲ್ ೧೮೪೩ರಲ್ಲಿ ಪ್ರಕಟಿಸಿದ ತನ್ನ ತರ್ಕಗ್ರಂಥದಲ್ಲಿ ವ್ಯತಿರೇಕ ಪದ್ಧತಿಯೆಂಬುದನ್ನು ವಿವರಿಸಿದ್ದಾನೆ. ಉಳಿದುದೆಲ್ಲ ಒಂದೇ ಇದ್ದು ಒಂದು ಸಂಗತಿ ಮಾತ್ರ ಬೇರೆಯಾದಾಗ ಫಲವೂ ಬೇರೆಯಾದರೆ, ಆ ಸಂಗತಿಗೂ ಫಲಕ್ಕೂ ಸಂಬಂಧವಿದೆ ಎಂದು ತಿಳಿಯಬೇಕು. ನಾವು ಮಾಡಿದ್ದೂ ಇದನ್ನೇ. ಮೊದಲು ಚೈನಿಗೆ ಎಣ್ಣೆ ಬಿಡುವುದನ್ನು ನಿಲ್ಲಿಸಿ, ಎಲ್ಲವನ್ನೂ ತೊಳೆದು, ಸೈಡ್ ಸ್ಟ್ಯಾಂಡಿನ ಮೇಲೆ ರಾತ್ರಿ ನಿಲ್ಲಿಸಿದೆವು, ಕಲೆ ಬಂತು. ಮರುರಾತ್ರಿ ಸೆಂಟರ್ ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಲ್ಲಿಸಿದೆವು. ಕಲೆ ಬಹಳ ಸಣ್ಣದಾಯಿತು. ಸೈಡ್ ಸ್ಟ್ಯಾಂಡಿನಲ್ಲಿ ವಾಹನ ಎಡಕ್ಕೆ ವಾಲುವುದರಿಂದ ಒಳಗಿನ ಎಣ್ಣೆ ಎಡಗೋಡೆಗೆ ಏರಿ ನಿಲ್ಲುತ್ತದೆ. ಅಂದಮೇಲೆ ದೋಷ ಇರುವುದು ಎಡಬದಿಯಲ್ಲಿ, ನಿಂತ ಎಣ್ಣೆಯ ಮಟ್ಟದ ಆಸುಪಾಸಿನಲ್ಲಿ. ಟ್ಯಾಪೆಟ್ ಮುಚ್ಚಳಕ್ಕೆ ಎಣ್ಣೆ ಹೋಗುವುದು ಎಂಜಿನ್ ಓಡುವಾಗ ಮಾತ್ರ. ಅದು ಪಟ್ಟಿಯಿಂದ ಬಿತ್ತು. ಮೂರನೆಯ ದಿನ ಪೌಡರು ಉದುರಿಸಿ ಹನೂರಿಗೆ ಹೋಗಿಬಂದೆವು. ಮ್ಯಾಗ್ನೆಟ್ ಕವಚದ ಅಂಚಿನಲ್ಲಿ ಪುಡಿ ಬೆಳ್ಳಗೇ ಇತ್ತು. ಸ್ಪ್ರಾಕೆಟ್ಟಿನ ಕವಚ ಬಿಚ್ಚಿ ನೋಡಲಾಗಿ ಸ್ಪ್ರಾಕೆಟ್ಟಿನ ಹಿಂದೆ ಒಣಗಿತ್ತು, ಎರಡು ಹೋಳುಗಳ ಸಂದೂ ಒಣಗಿತ್ತು. ಗೇರು ದಂಡದ ಸುತ್ತ ಮಾತ್ರ ಪುಡಿ ಕಪ್ಪಾಗಿ ಮುದ್ದೆಯಾಗಿತ್ತು. ಆ ಸೀಲನ್ನು ಹೊರಗಿನಿಂದಲೇ ಕಿತ್ತು ಹೊಸದನ್ನು ಕೂರಿಸಬಹುದು, ಎಂಜಿನ್ ಇಳಿಸಬೇಕಾಗಿಲ್ಲ. ನೂರು ರೂಪಾಯಿಗೂ ಒಳಗೆ ಕೆಲಸ ಮುಗಿಯಿತು; ಕೆಲಸ ಮಾಡಿಕೊಟ್ಟವರು ಅದೇ ಮೆಕ್ಯಾನಿಕರೇ. ಅವರ ಮಾತು ಸುಳ್ಳೆಂದು ಹೇಳುವಂತಿಲ್ಲ. ಹೋಳುಗಳ ನಡುವಿನ ಪ್ಯಾಕಿಂಗ್ ಹೋಗಿದ್ದ ಪಕ್ಷದಲ್ಲಿ ಎಂಜಿನ್ ಇಳಿಸದೆ ಗತಿಯಿರಲಿಲ್ಲ. ಅವರು ಐದರಲ್ಲಿ ಒಂದನ್ನು ಪರೀಕ್ಷೆಯಿಲ್ಲದೆ ಆರಿಸಿದರು, ಅಷ್ಟೆ.

ಸೀಲು ಏಕೆ ಹೋಗುತ್ತದೆ? ತಿರುಗುವ ದಂಡವನ್ನು ರಬ್ಬರಿನ ತುಟಿಯೊಂದು ತಬ್ಬಿಕೊಂಡಿರುತ್ತದೆ. ಹಲವು ಸೀಲುಗಳಲ್ಲಿ ಆ ತುಟಿಯನ್ನು ಒತ್ತಿಹಿಡಿಯಲು ಸಣ್ಣ ಸ್ಪ್ರಿಂಗಿನ ಬಳೆಯೂ ಇರುತ್ತದೆ. ವರ್ಷಗಳ ಬಿಸಿಗೆ ರಬ್ಬರು ಗಡುಸಾಗಿ ಬಿರಿಯುತ್ತದೆ. ಧೂಳು ಸೇರಿ ದಂಡದ ಮೇಲೆ ಗೀರು ಬೀಳುತ್ತದೆ. ಇದು ಆಯುಸ್ಸು ತೀರಿದ ಸಾವು. ಆದರೆ ಹೊಸ ಸೀಲು ಹಾಕಿದ ತಿಂಗಳಲ್ಲೇ ಮತ್ತೆ ಸೋರಿದರೆ, ಅಥವಾ ಎರಡು ಮೂರು ಕಡೆ ಒಟ್ಟಿಗೇ ಸೋರತೊಡಗಿದರೆ, ಸೀಲನ್ನು ದೂರುವ ಮೊದಲು ಒಳಗಿನ ಒತ್ತಡವನ್ನು ಶಂಕಿಸಬೇಕು. ಪಿಸ್ಟನ್ ಕೆಳಗಿಳಿದಾಗಲೆಲ್ಲ ಎಂಜಿನ್ ಪೆಟ್ಟಿಗೆಯೊಳಗಿನ ಗಾಳಿ ಒತ್ತಲ್ಪಡುತ್ತದೆ. ಆ ಗಾಳಿ ಹೊರಹೋಗಲೆಂದೇ ಉಸಿರುಕೊಳವೆಯೊಂದಿದೆ. ಅದು ಮಡಿಚಿಕೊಂಡಿದ್ದರೆ, ಕೆಸರು ಕಟ್ಟಿದ್ದರೆ, ಗಾಳಿ ಎಣ್ಣೆಯನ್ನು ದುರ್ಬಲವಾದ ಸಂದಿನಿಂದ ಹೊರಗೆ ತಳ್ಳುತ್ತದೆ. ಪ್ರೀತಿಯಿಂದ ಎಣ್ಣೆಯನ್ನು ಗುರುತಿಗಿಂತ ಮೇಲೆ ತುಂಬಿಸಿದರೂ ಇದೇ ಫಲ. ‘ಸ್ವಲ್ಪ ಜಾಸ್ತೀನೆ ಇರಲಿ’ ಎಂಬ ಔದಾರ್ಯ ಯಂತ್ರದ ವಿಷಯದಲ್ಲಿ ಸಲ್ಲದು. ಮಟ್ಟ ನೋಡುವಾಗ ವಾಹನ ಸಮನೆಲದ ಮೇಲೆ ನೆಟ್ಟಗಿರಬೇಕು. ಎಂಜಿನ್ ನಿಲ್ಲಿಸಿ ಎರಡು ಮೂರು ನಿಮಿಷ ಕಾಯಬೇಕು.

ಕೆಳಗಿನ ಡ್ರೈನ್ ಬೋಲ್ಟಿನದು ಬೇರೆಯೇ ಕತೆ. ಸೋರುತ್ತದೆಂದು ಬಲವಾಗಿ ಬಿಗಿದಷ್ಟೂ ಅಲ್ಯೂಮಿನಿಯಮ್ಮಿನ ಮರೆ ಕಿತ್ತುಹೋಗುತ್ತದೆ, ಏಕೆಂದರೆ ಬೋಲ್ಟು ಉಕ್ಕಿನದು, ಪೆಟ್ಟಿಗೆ ಮೆತ್ತಗಿನ ಲೋಹದ್ದು. ಬಿಗಿಯುವುದಕ್ಕೆ ಬದಲು ಅದರಡಿಯ ವಾಷರನ್ನು ಬದಲಾಯಿಸುವುದು ಯುಕ್ತ. ಇದರ ಮೇಲೆ ಎಂ-ಸೀಲ್ ಮೆತ್ತಿಸಿಕೊಂಡ ವಾಹನಗಳನ್ನು ನಮ್ಮ ಊರಿನಲ್ಲಿ ನೋಡಿದ್ದೇನೆ. ಮುಂದಿನ ಸಲ ಎಣ್ಣೆ ಬದಲಾಯಿಸಲು ಬಂದವರು ಅದನ್ನು ಉಳಿಯಿಂದ ಕೆತ್ತಬೇಕಾಗುತ್ತದೆ.

ಪೆಟ್ರೋಲಿನ ಸೋರಿಕೆಯಲ್ಲಿ ತಾಳ್ಮೆಯ ಪರೀಕ್ಷೆಗಳಿಗೆ ಅವಕಾಶವಿಲ್ಲ. ಬಿಸಿಯಾದ ಎಂಜಿನ್ನಿನ ಬಳಿ ಪೆಟ್ರೋಲಿನ ಹಬೆ ಸೇರುವುದೆಂದರೆ ಬೆಂಕಿಗೆ ಕರೆ ಕಳುಹಿಸಿದಂತೆ. ಕಾರ್ಬೊರೇಟರಿನ ವಾಹನವಾದರೆ ತಕ್ಷಣ ಟ್ಯಾಂಕಿನ ಕೆಳಗಿನ ಕಾಕನ್ನು ತಿರುಗಿಸಿ ಮುಚ್ಚಿರಿ. ಹನಿ ನಿಂತರೆ ದೋಷ ಕಾಕಿನಿಂದ ಆಚೆ, ಕೊಳವೆಯಲ್ಲೋ ಕಾರ್ಬೊರೇಟರಿನಲ್ಲೋ ಇದೆ. ನಿಲ್ಲದಿದ್ದರೆ ಕಾಕಿನಲ್ಲಿಯೇ, ಇಲ್ಲವೆ ಟ್ಯಾಂಕಿನಲ್ಲಿಯೇ ಇದೆ. ಕಾರ್ಬೊರೇಟರಿನ ಕೆಳಗಿನ ಸಣ್ಣ ಕೊಳವೆಯಿಂದ ಬರುತ್ತಿದ್ದರೆ ಒಳಗಿನ ಫ್ಲೋಟಿನ ಸೂಜಿಯ ಕೆಳಗೆ ಕಸ ಸಿಕ್ಕಿಕೊಂಡಿರುವ ಸಂಭವವೇ ಹೆಚ್ಚು. ಅದೇ ದೋಷದಿಂದ ಪೆಟ್ರೋಲು ಹೊರಗೆ ಬರದೆ ಎಂಜಿನ್ನಿನ ಒಳಕ್ಕೇ ಇಳಿಯುವುದೂ ಉಂಟು. ಆಗ ನೆಲದ ಮೇಲೆ ಕಲೆಯಿಲ್ಲ, ಆದರೆ ಎಣ್ಣೆಯ ಮಟ್ಟ ತಾನಾಗಿಯೇ ಏರಿರುತ್ತದೆ, ಕಡ್ಡಿಯನ್ನು ಮೂಸಿದರೆ ಪೆಟ್ರೋಲಿನ ವಾಸನೆ ಬರುತ್ತದೆ. ಅಂಥ ಎಣ್ಣೆಯಲ್ಲಿ ಎಂಜಿನ್ ಓಡಿಸಬಾರದು. ಭಾರತ್ ಹಂತ ೬ರ ನಿಯಮ ೨೦೨೦ರ ಏಪ್ರಿಲ್ ೧ರಂದು ಜಾರಿಗೆ ಬಂದ ಮೇಲೆ ಹೊಸ ವಾಹನಗಳಲ್ಲಿ ಹೆಚ್ಚಿನವಕ್ಕೆ ಪಂಪಿನ ಒತ್ತಡದಿಂದ ಪೆಟ್ರೋಲು ಚಿಮ್ಮಿಸುವ ಏರ್ಪಾಡಿದೆ. ಅದರ ಕೊಳವೆಯನ್ನು ಮನೆಯಲ್ಲಿ ಕೀಳುವುದು ಅಪಾಯ. ಇನ್ನೊಂದು ಮಾತು: ೨೦೨೩ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ ಇ-೨೦ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಇದೆ. ಹಳೆಯ ಕಾಲದ ಕೆಲವು ಬಗೆಯ ರಬ್ಬರಿಗೆ ಎಥನಾಲ್ ಒಗ್ಗುವುದಿಲ್ಲ. ಹಳೆಯ ವಾಹನವುಳ್ಳವರು ಪೆಟ್ರೋಲಿನ ಕೊಳವೆಯನ್ನು ಆಗಾಗ ಬಗ್ಗಿಸಿ ಬಿರುಕು ನೋಡುವುದು ಮೇಲು.

ಫೋರ್ಕಿನ ಮಾತು ಸಂಕ್ಷೇಪವಾಗಿ. ಹೊಳೆಯುವ ಕೊಳವೆಯ ಮೇಲೆ ಧೂಳು ಕೂಡಿದ ಎಣ್ಣೆಯ ಉಂಗುರ ಕಂಡರೆ ಆ ಬದಿಯ ಸೀಲು ಹೋಗಿದೆಯೆಂದೇ ಅರ್ಥ. ಅಲ್ಲಿಂದ ಎಣ್ಣೆ ಡಿಸ್ಕಿನ ಮೇಲೆ ಇಳಿದರೆ ಬ್ರೇಕು ಹಿಡಿಯದು. ಬ್ರೇಕ್ ಆಯಿಲಿನ ಮಟ್ಟ ಇಳಿದಾಗ ಮಾತ್ರ ಒಂದು ಸೂಕ್ಷ್ಮವಿದೆ: ಬ್ರೇಕ್ ಪ್ಯಾಡು ಸವೆದಂತೆ ಮಟ್ಟ ನಿಧಾನವಾಗಿ ಇಳಿಯುವುದು ಸಹಜ, ಅದು ಸೋರಿಕೆಯಲ್ಲ. ಹಿಡಿ ಮೆತ್ತಗಾಗಿ ಹ್ಯಾಂಡಲಿನವರೆಗೆ ಬರುತ್ತಿದ್ದರೆ ಸಂದೇಹಕ್ಕೆಡೆಯಿಲ್ಲ. ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ಮಲೆ ಮಹದೇಶ್ವರ ಬೆಟ್ಟಕ್ಕೆ ನಮ್ಮ ಕಡೆಯವರು ಇಬ್ಬರು ಮೂವರನ್ನು ಕೂರಿಸಿಕೊಂಡು ಬೈಕಿನಲ್ಲಿ ಹೋಗುತ್ತಾರೆ. ಬೆಟ್ಟದಿಂದ ತಾಳಬೆಟ್ಟದ ಕಡೆಗೆ ಇಳಿಯುವ ತಿರುವುಗಳಲ್ಲಿ ಆ ಭಾರವನ್ನೆಲ್ಲ ತಡೆಯಬೇಕಾದುದು ಬ್ರೇಕು. ಎಂಜಿನ್ ಎಣ್ಣೆ ಸೋರಿದರೆ ಹಣ ಹೋಗುತ್ತದೆ. ಇದು ಸೋರಿದರೆ ಜೀವ ಹೋಗುತ್ತದೆ. ಬ್ರೇಕು ಸೋರುವ ವಾಹನದಲ್ಲಿ ಗ್ಯಾರೇಜಿಗೂ ಸವಾರಿ ಮಾಡಬೇಡಿ, ತಳ್ಳಿಕೊಂಡು ಹೋಗಿ.

ಕಡೆಯದಾಗಿ, ನೆಲಕ್ಕೆ ಒಂದು ಹನಿಯೂ ಬೀಳದೆ ಎಣ್ಣೆ ಕಡಿಮೆಯಾಗುವ ಪ್ರಸಂಗ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ದೃಷ್ಟಾಂತ ನಮ್ಮ ನ್ಯಾಯಶಾಸ್ತ್ರದಲ್ಲಿ ಪ್ರಸಿದ್ಧವಾಗಿದೆ. ಇಲ್ಲಿ ಹೊಗೆಯನ್ನು ಕಂಡು ಎಣ್ಣೆಯನ್ನು ಊಹಿಸಬೇಕು. ನಾಲ್ಕು ಹೊಡೆತದ ಎಂಜಿನ್ನಿನ ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ, ಸವೆದ ಪಿಸ್ಟನ್ ರಿಂಗುಗಳ ಮೂಲಕವೋ ವಾಲ್ವಿನ ಸೀಲಿನ ಮೂಲಕವೋ ಎಣ್ಣೆ ಮೇಲೇರಿ ಉರಿಯುತ್ತಿದೆ. ನಿಲ್ಲಿಸಿದ್ದ ವಾಹನವನ್ನು ಶುರು ಮಾಡಿದಾಗ ಮಾತ್ರ ಒಮ್ಮೆ ಹೊಗೆಯುಗುಳಿ ನಿಂತರೆ ವಾಲ್ವಿನ ಸೀಲನ್ನೂ, ಏರು ಹತ್ತುವಾಗ ಎಡೆಬಿಡದೆ ಹೊಗೆ ಬಂದರೆ ರಿಂಗನ್ನೂ ಮೊದಲು ಶಂಕಿಸುವುದು ವಾಡಿಕೆ. ಹಳೆಯ ಯೆಜ್ಡಿಗಳಲ್ಲಿ ಸಮಸ್ಯೆ ಇನ್ನೂ ಗೂಢವಾದುದು. ಎರಡು ಹೊಡೆತದ ಎಂಜಿನ್ನು ಕ್ರ್ಯಾಂಕಿನ ಪೆಟ್ಟಿಗೆಯ ಮೂಲಕವೇ ಉಸಿರೆಳೆಯುತ್ತದೆ. ಕ್ರ್ಯಾಂಕಿಗೂ ಕ್ಲಚ್ಚಿನ ಬದಿಗೂ ನಡುವಿನ ಸೀಲು ಹರಿದರೆ ಗೇರುಪೆಟ್ಟಿಗೆಯ ಎಣ್ಣೆಯನ್ನು ಎಂಜಿನ್ನೇ ಹೀರಿ ಸುಟ್ಟುಬಿಡುತ್ತದೆ. ಹೇಗೂ ಹೊಗೆ ಬಿಡುವ ವಾಹನವಾದ್ದರಿಂದ ಮಾಲೀಕನಿಗೆ ಅನುಮಾನವೂ ಬರುವುದಿಲ್ಲ. ಗೇರುಪೆಟ್ಟಿಗೆ ಮಾತ್ರ ಬತ್ತುತ್ತ ಹೋಗುತ್ತದೆ. ಇನ್ನೊಂದು ಬದಿಯ ಸೀಲು ಹರಿದರೆ ಎಣ್ಣೆಯ ಬದಲು ಬರಿಯ ಗಾಳಿ ಒಳಸೇರುತ್ತದೆ. ಮಿಶ್ರಣ ತೆಳ್ಳಗಾಗಿ ಎಂಜಿನ್ ಮಿತಿಮೀರಿ ಕಾಯುತ್ತದೆ. ಒಳಕ್ಕೆ ಸೋರುವುದೂ ಒಂದು ಸೋರಿಕೆಯೇ ಎಂಬುದು ಈ ಯಂತ್ರದಿಂದ ತಿಳಿಯುತ್ತದೆ.

ಗ್ಯಾರೇಜಿಗೆ ಹೋಗುವ ಮುನ್ನ ಒಂದು ಚೀಟಿಯಲ್ಲಿ ನಾಲ್ಕು ಸಂಗತಿ ಬರೆದುಕೊಂಡು ಹೋಗುವುದು ಒಳ್ಳೆಯದು: ಯಾವ ದ್ರವ, ಯಾವ ಬದಿ, ನಿಂತಾಗಲೋ ಓಡಿದಾಗಲೋ, ವಾರಕ್ಕೆ ಕಡ್ಡಿಯಲ್ಲಿ ಎಷ್ಟು ಇಳಿಯಿತು. ಹೀಗೆ ಹೇಳಿದವನ ಎದುರಿಗೆ ಮೆಕ್ಯಾನಿಕರೂ ಬಗ್ಗಿ ನೋಡದೆ ತೀರ್ಪು ಕೊಡುವುದಿಲ್ಲ. ಸಂದುಗಳು ಬರಿದೆ ಒದ್ದೆಯಾಗಿದ್ದು ಮಟ್ಟ ಇಳಿಯದಿದ್ದರೆ ಸುಗ್ಗಿ ಮುಗಿಯುವವರೆಗೆ ತಡೆಯಬಹುದು, ವಾರಕ್ಕೊಮ್ಮೆ ಕಡ್ಡಿ ನೋಡುತ್ತಿದ್ದರೆ ಸಾಕು. ಹನಿ ಹನಿಯಾಗಿ ಬೀಳುತ್ತಿದ್ದರೆ ತಡೆಯಬಾರದು. ರಿಪೇರಿಯಾಗುವವರೆಗೆ ತುಂಬಿಸುವ ಎಣ್ಣೆ ವಾಹನಕ್ಕೆ ಹೇಳಿದ ದರ್ಜೆಯದೇ ಆಗಿರಲಿ. ಕಾರಿನ ಎಣ್ಣೆಗಳಲ್ಲಿ ಕೆಲವು ಕ್ಲಚ್ಚನ್ನು ಜಾರಿಸುತ್ತವೆ, ಏಕೆಂದರೆ ಬೈಕಿನ ಕ್ಲಚ್ಚು ಅದೇ ಎಣ್ಣೆಯಲ್ಲಿ ಮುಳುಗಿರುತ್ತದೆ. ಇಳಿಸಿದ ಹಳೆಯ ಎಣ್ಣೆಯನ್ನು ಬೇಲಿಯ ಬುಡಕ್ಕೋ ಬಾವಿಯ ಕಟ್ಟೆಯ ಕಡೆಗೋ ಚೆಲ್ಲದೆ ಡಬ್ಬಿಯಲ್ಲಿ ಹಿಡಿದು ಗ್ಯಾರೇಜಿಗೆ ಕೊಟ್ಟರೆ ಅವರು ತಮ್ಮ ಪೀಪಾಯಿಗೆ ಸುರಿದುಕೊಳ್ಳುತ್ತಾರೆ.